ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿ ಯಾಕೆ ಕೆಡಲ್ಲ? ಆಲ್ಕೋಹಾಲ್ ಬಳಸಿ ಆಹಾರ ಕಾಪಾಡುವ ಸಮಗ್ರ ಮಾರ್ಗದರ್ಶಿ

ಕ್ರಿಸ್‌ಮಸ್ ಕೇಕಿಗೆ ಹಣ್ಣು ನೆನೆಹಾಕುವ ಕಾಲ ಬಂತೆಂದರೆ ಪ್ರಶ್ನೆಗಳೂ ಶುರುವಾಗುತ್ತವೆ. ಒಂದು ಕೆಜಿಗೆ ರಮ್ ಎಷ್ಟು? ಅರ್ಧ ರಮ್, ಅರ್ಧ ಕಿತ್ತಳೆ ರಸ ಹಾಕಿದರೆ ನಡೆಯುತ್ತಾ? ಜಾಡಿಯನ್ನು ಫ್ರಿಜ್ಜಿನಲ್ಲಿ ಇಡಬೇಕಾ, ಹೊರಗೇ ಬಿಡಬಹುದಾ? ರಮ್ ಬದಲು ವೈನ್ ಸಾಕಾಗಲ್ವಾ?

ಎಲ್ಲಕ್ಕೂ ಉತ್ತರ ಒಂದೇ ಲೆಕ್ಕದಲ್ಲಿ ಸಿಗುತ್ತದೆ. ಬಾಟಲಿಯ ಮೇಲಿನ ಶೇಕಡಾ ನೋಡಿ ಧೈರ್ಯ ತಂದುಕೊಳ್ಳಬೇಡಿ. ಜಾಡಿಯೊಳಗಿನ ಒಟ್ಟು ದ್ರವದಲ್ಲಿ ಆಲ್ಕೋಹಾಲ್ ಕೊನೆಗೆ ಎಷ್ಟು ಉಳಿಯಿತು ಅಂತ ನೋಡಿ. ಬ್ಯಾಕ್ಟೀರಿಯಾ ಇರುವುದು ಆ ದ್ರವದಲ್ಲಿ, ಬಾಟಲಿಯಲ್ಲಲ್ಲ. ಈ ಒಂದು ವಿಷಯ ತಲೆಗೆ ಹೋದರೆ ರೆಸಿಪಿ ಯಾರದ್ದೇ ಇರಲಿ, ಅದು ಸುರಕ್ಷಿತವೋ ಅಲ್ಲವೋ ಅಂತ ನೀವೇ ಹೇಳಬಹುದು.

ಆಲ್ಕೋಹಾಲ್ ಒಳಗೆ ಏನು ಮಾಡುತ್ತದೆ

ಕುಡಿಯುವ ಮದ್ಯದಲ್ಲಿರುವುದು ಎಥನಾಲ್. ಬ್ಯಾಕ್ಟೀರಿಯಾದ ಜೀವಕೋಶದ ಸುತ್ತ ಕೊಬ್ಬಿನಂಶದ ತೆಳು ಪೊರೆ ಇರುತ್ತದೆ. ಎಥನಾಲ್ ನೀರಿನಲ್ಲೂ ಬೆರೆಯುತ್ತದೆ, ಈ ಕೊಬ್ಬಿನ ಪದರದೊಳಗೂ ನುಗ್ಗುತ್ತದೆ. ಆಗ ಪೊರೆ ಸಡಿಲವಾಗಿ ಒಳಗಿನ ಲವಣ, ಪೋಷಕಾಂಶಗಳು ಹೊರಗೆ ಸೋರುತ್ತವೆ. ಜೀವಕೋಶ ಬೆಳೆಯುವುದನ್ನು ಬಿಟ್ಟು ಸೋರಿಕೆ ಮುಚ್ಚಲು ಪರದಾಡುತ್ತದೆ.

ಎರಡನೆಯ ಹೊಡೆತ ಪ್ರೋಟೀನುಗಳಿಗೆ. ಇದನ್ನು ಕಣ್ಣಾರೆ ನೋಡಬೇಕಾ? ಗಾಜಿನ ಲೋಟದಲ್ಲಿ ಒಂದು ಚಮಚ ಹಸಿ ಮೊಟ್ಟೆಯ ಬಿಳಿ ಹಾಕಿ, ಮೇಲೆ ಎರಡು ಚಮಚ ವೋಡ್ಕಾ ಸುರಿಯಿರಿ. ಮೊದಲು ಎರಡೂ ಸೇರುವ ಜಾಗದಲ್ಲಿ ಮಂಜಿನಂತೆ ಮಸುಕಾಗುತ್ತದೆ. ಸ್ವಲ್ಪ ಹೊತ್ತಿಗೆ ಬಿಳಿ ಎಳೆಗಳು ಕಾಣಿಸುತ್ತವೆ. ಒಲೆ ಹಚ್ಚದೆಯೇ ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನಿಗೂ ಇದೇ ಗತಿ. (ನೋಡಿ ಆದಮೇಲೆ ಚೆಲ್ಲಿಬಿಡಿ. ಗಟ್ಟಿಯಾಯಿತು ಅಂದರೆ ಬೆಂದಿತು ಅಂತಲ್ಲ.)

ಮೂರನೆಯದು ಸದ್ದಿಲ್ಲದೆ ನಡೆಯುತ್ತದೆ. ಎಥನಾಲ್ ಮತ್ತು ಸಕ್ಕರೆ ಎರಡೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಜಾಡಿಯಲ್ಲಿ ನೀರಿದ್ದರೂ ಬ್ಯಾಕ್ಟೀರಿಯಾದ ಕೈಗೆ ಸಿಗುವ ನೀರು ಕಡಿಮೆ.

ಈ ಹೊಡೆತಕ್ಕೂ ನೀರು ಬೇಕು ಅನ್ನುವುದು ಸ್ವಾರಸ್ಯ. ಶೇ. 95ರ ಎಥನಾಲ್‌ಗಿಂತ ಶೇ. 70ರದ್ದು ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತದೆ, ಯಾಕೆಂದರೆ ನೀರಿಲ್ಲದೆ ಪ್ರೋಟೀನು ಸರಿಯಾಗಿ ಕೆಡುವುದಿಲ್ಲ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಎಷ್ಟಿದ್ದರೆ ಏನಾಗುತ್ತದೆ

ಇಲ್ಲಿ ಎರಡು ಪದ ಬೇರೆ ಬೇರೆ ಇಟ್ಟುಕೊಳ್ಳಿ: ತಡೆಯುವುದು, ಕೊಲ್ಲುವುದು. ಅಡುಗೆಮನೆಯಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಮೊದಲನೆಯದು.

ಶೇ. 5ರ ಆಸುಪಾಸಿನಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿಯಂಥವು ಬೆಳೆಯಲು ತಿಣುಕುತ್ತವೆ. 10 ದಾಟಿದರೆ ಹೊಟ್ಟೆ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ. ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ. ವೈನಿನ ಶೇ. 12ರಲ್ಲೂ ಅಸಿಟಿಕ್ ಬ್ಯಾಕ್ಟೀರಿಯಾ ಬದುಕುತ್ತದೆ, ಗಾಳಿ ಸಿಕ್ಕರೆ ವೈನನ್ನು ವಿನೆಗರ್ ಮಾಡಿಬಿಡುತ್ತದೆ. ವೈನ್ ಮಾಡುವ ಯೀಸ್ಟೇ 14-16ರವರೆಗೆ ತಡೆದುಕೊಳ್ಳುತ್ತದೆ. ಜಪಾನಿನ ಅಕ್ಕಿ ಮದ್ಯ ಸಾಕೆಯನ್ನು ಕೆಡಿಸುವ ಒಂದು ಜಾತಿಯ ಲ್ಯಾಕ್ಟೋಬ್ಯಾಸಿಲಸ್‌ಗಂತೂ 18-20 ಕೂಡ ಲೆಕ್ಕಕ್ಕಿಲ್ಲ. ಅದು ರೋಗ ತರುವುದಿಲ್ಲ, ರುಚಿ ಹಾಳು ಮಾಡುತ್ತದೆ ಅಷ್ಟೆ. 20ರ ಹತ್ತಿರ ಹೋದರೆ ಯೀಸ್ಟೂ ಕೈ ಚೆಲ್ಲುತ್ತದೆ. ಪೋರ್ಟ್ ಅನ್ನುವ ಸಿಹಿ ವೈನಿಗೆ ಬ್ರಾಂದಿ ಬೆರೆಸಿ 20ರ ಹತ್ತಿರ ತರುವುದು ಇದೇ ಕಾರಣಕ್ಕೆ. ಹುಳಿಯುವುದು ಅಲ್ಲೇ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ, ತಿಂಗಳುಗಟ್ಟಲೆ ಬಾಳುತ್ತದೆ.

ಹಾಗಾಗಿ ಮನೆಯಲ್ಲಿ ಹೊರಗೆ ಇಡುವ ಯಾವುದೇ ಜಾಡಿಗೆ ನಾನು ಹಾಕಿಕೊಂಡಿರುವ ಗೆರೆ 20. ಅದಕ್ಕಿಂತ ಕೆಳಗಿದ್ದರೆ ಫ್ರಿಜ್ಜು.

ಬಿಯರಿನಲ್ಲಿ ಶೇ. 5 ಇದ್ದರೂ ಅದು ಕೆಡುವುದಿಲ್ಲವಲ್ಲ ಅಂತ ಕೇಳಬಹುದು. ಅಲ್ಲಿ ಆಲ್ಕೋಹಾಲ್ ಒಂಟಿಯಲ್ಲ. ಹುಳಿ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ, ಗ್ಯಾಸು, ಆಮ್ಲಜನಕದ ಕೊರತೆ ಎಲ್ಲ ಸೇರಿ ಕಾಯುತ್ತವೆ. ಹಾಗೆಯೇ ನಮ್ಮ ಇಡ್ಲಿ ಹಿಟ್ಟು. ಅದರಲ್ಲಿ ಆಲ್ಕೋಹಾಲ್ ಇರುತ್ತದೆ, ಅದಕ್ಕೇ ಕೆಡುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಹಿಟ್ಟನ್ನು ಕಾಯುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಮಾಡುವ ಹುಳಿ. ಆಲ್ಕೋಹಾಲಿನ ಪಾಲು ಅಲ್ಲಿ ನಗಣ್ಯ.

ಲೆಕ್ಕ ಹಾಕುವುದು ಹೇಗೆ

ಭಾರತದಲ್ಲಿ ಸಿಗುವ ಹೆಚ್ಚಿನ ರಮ್, ಬ್ರಾಂದಿ, ವಿಸ್ಕಿ, ವೋಡ್ಕಾ ಬಾಟಲಿಗಳ ಮೇಲೆ ಶೇ. 42.8 ಅಂತ ಇರುತ್ತದೆ. ಮದ್ಯದ ತೀಕ್ಷ್ಣತೆ ಅಳೆಯುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಇದು 75 ಡಿಗ್ರಿ ಪ್ರೂಫ್. ಒಂದು ಕ್ವಾರ್ಟರ್, ಅಂದರೆ 180 ಮಿಲಿಯಲ್ಲಿ ಸುಮಾರು 77 ಮಿಲಿ ಶುದ್ಧ ಆಲ್ಕೋಹಾಲ್. 750 ಮಿಲಿಯ ಫುಲ್ ಬಾಟಲಿನಲ್ಲಿ 321 ಮಿಲಿ.

ಲೆಕ್ಕ ಇಷ್ಟೇ. ಹಾಕಿದ ಶುದ್ಧ ಆಲ್ಕೋಹಾಲನ್ನು ಒಟ್ಟು ದ್ರವದಿಂದ ಭಾಗಿಸಿ, ನೂರರಿಂದ ಗುಣಿಸಿ. ಒಟ್ಟು ದ್ರವ ಅಂದರೆ ಹಾಕಿದ ಮದ್ಯ, ಜೊತೆಗೆ ಹಾಕಿದ ರಸ, ಮತ್ತು ಹಣ್ಣಿನೊಳಗಿನ ನೀರು. ಎಲ್ಲರೂ ಮರೆಯುವುದು ಕೊನೆಯದನ್ನು.

ಒಣಹಣ್ಣಿನ ಮಿಶ್ರಣದಲ್ಲಿ ಶೇ. 20ರಷ್ಟು ನೀರು ಅಂತ ಇಟ್ಟುಕೊಳ್ಳಿ. ಕೆಜಿಗೆ 200 ಮಿಲಿ. ಅದಕ್ಕೆ 500 ಮಿಲಿ ರಮ್ ಹಾಕಿದರೆ ಆಲ್ಕೋಹಾಲ್ 214 ಮಿಲಿ, ಒಟ್ಟು ದ್ರವ 700. ಅಂದರೆ ಶೇ. 30. ಗಟ್ಟಿ ಕೋಟೆ.

ಈಗ 250 ರಮ್, 250 ಕಿತ್ತಳೆ ರಸ. ಆಲ್ಕೋಹಾಲ್ 107, ದ್ರವ ಅದೇ 700. ಶೇ. 15ಕ್ಕೆ ಇಳಿಯಿತು. ಇದು ಫ್ರಿಜ್ಜಿಗೆ.

ರಮ್ ಬದಲು ಶೇ. 12ರ ವೈನು 500 ಮಿಲಿ ಹಾಕಿದರೆ? ಆಲ್ಕೋಹಾಲ್ 60, ಕೊನೆಗೆ ಉಳಿಯುವುದು ಶೇ. 8.5. ಕೇಕಿಗೆ ರುಚಿ ಬರುತ್ತದೆ, ಆದರೆ ಹೊರಗೆ ತಿಂಗಳುಗಟ್ಟಲೆ ಇಡಲು ಆಗುವುದಿಲ್ಲ. ಫ್ರಿಜ್ಜಿನಲ್ಲಿ ಎರಡು-ಮೂರು ದಿನ ನೆನೆಸಿ ಬೇಯಿಸಿಬಿಡಿ.

ಇನ್ನು ತಾಜಾ ದ್ರಾಕ್ಷಿ. ಕೆಜಿಯಲ್ಲಿ 800 ಮಿಲಿ ನೀರೇ ಇದೆ. 500 ಮಿಲಿ ರಮ್ ಹಾಕಿದರೂ ಒಟ್ಟು 1,300ರಲ್ಲಿ 214, ಅಂದರೆ ಶೇ. 16. ಒಣದ್ರಾಕ್ಷಿಗೆ ಸಾಕಾದ ಅದೇ ಬಾಟಲಿ ತಾಜಾ ದ್ರಾಕ್ಷಿಗೆ ಸಾಲುವುದಿಲ್ಲ.

ಕೇಕಿನ ಹಣ್ಣು: ಹೆಜ್ಜೆ ಹೆಜ್ಜೆಯಾಗಿ

ಮಂಗಳೂರು, ಬೆಂಗಳೂರಿನ ಮನೆಗಳಲ್ಲಿ ಅಕ್ಟೋಬರ್, ನವೆಂಬರಿಗೇ ಈ ಕೆಲಸ ಶುರುವಾಗುತ್ತದೆ. ಎರಡು ವಾರ ನೆನೆದರೆ ಸಾಕು, ಎರಡು ತಿಂಗಳು ನೆನೆದರೆ ರುಚಿಯೇ ಬೇರೆ.

*ಜಾಡಿ.* ಅಗಲ ಬಾಯಿಯ ಗಾಜಿನ ಜಾಡಿ ಅಥವಾ ಉಪ್ಪಿನಕಾಯಿಯ ಪಿಂಗಾಣಿ ಭರಣಿ. ಪ್ಲಾಸ್ಟಿಕ್ ಬೇಡ, ತಿಂಗಳುಗಟ್ಟಲೆ ಆಲ್ಕೋಹಾಲ್ ತಾಗಿದರೆ ವಾಸನೆ ಬಿಡುತ್ತದೆ. ಉಪ್ಪಿನಕಾಯಿ ಹಾಕಿದ್ದ ಭರಣಿಯ ಎಣ್ಣೆ ವಾಸನೆ ಹೋಗುವುದು ಕಷ್ಟ, ಬೇರೆಯದನ್ನೇ ಇಟ್ಟುಕೊಳ್ಳಿ. ಗಾಜಿನ ಜಾಡಿಯಾದರೆ ಸೋಪಿನಲ್ಲಿ ತೊಳೆದು ಕುದಿಯುವ ನೀರಿನಲ್ಲಿ 10 ನಿಮಿಷ ಮುಳುಗಿಸಿ. ಭರಣಿಯನ್ನು ಬಿಸಿನೀರಿನಲ್ಲಿ ಜಾಲಿಸಿ ಬಿಸಿಲಿಗಿಡಿ. ಎರಡನ್ನೂ ಪೂರ್ತಿ ಒಣಗಿಸಿ. ತಳದಲ್ಲಿ ಉಳಿದ ನೀರೂ ಲೆಕ್ಕಕ್ಕೆ ಸೇರುತ್ತದೆ.

*ಹಣ್ಣು.* ಕರಿ ಮತ್ತು ಬಿಳಿ ಒಣದ್ರಾಕ್ಷಿ, ಖರ್ಜೂರ, ಅಂಜೂರ, ಟೂಟಿ ಫ್ರೂಟಿ, ಸಕ್ಕರೆಯಲ್ಲಿ ಬೆಂದ ಕಿತ್ತಳೆ ಸಿಪ್ಪೆ. ಅಂಜೂರವನ್ನು ಒಂದೊಂದಾಗಿ ಬಿಡಿಸಿ ನೋಡಿ, ಒಳಗೆ ಹುಳ ಇರುವುದುಂಟು. ಒಣದ್ರಾಕ್ಷಿಯನ್ನು ತೊಳೆಯಲೇಬೇಕು ಅನಿಸಿದರೆ ತೊಳೆಯಿರಿ, ಮಣ್ಣು ಇದ್ದೇ ಇರುತ್ತದೆ. ಆದರೆ ಆಮೇಲೆ ಬಟ್ಟೆಯ ಮೇಲೆ ಹರಡಿ ಒಂದು ದಿನ ಒಣಗಿಸಿ. ಒದ್ದೆ ದ್ರಾಕ್ಷಿಯನ್ನು ಹಾಗೇ ತುಂಬಬೇಡಿ. ಒಣದ್ರಾಕ್ಷಿ ಒಣಗಿರುವಷ್ಟು ದಿನ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ, ಅಷ್ಟು ಸಕ್ಕರೆ ಅದರಲ್ಲಿದೆ. ಅದಕ್ಕೆ ನೀರು ಕುಡಿಸಿದಾಗಲೇ ಅಪಾಯ. ರಮ್ ಕುಡಿಸಿದರೆ ನೀರಿನ ಜೊತೆ ಕಾವಲೂ ಒಳಗೆ ಹೋಗುತ್ತದೆ.

ಗೋಡಂಬಿ, ಬಾದಾಮಿಯನ್ನು ಈಗಲೇ ಹಾಕಬೇಡಿ. ಕೆಡುತ್ತವೆ ಅಂತಲ್ಲ, ಮೆತ್ತಗಾಗುತ್ತವೆ. ಬೇಯಿಸುವ ದಿನ ಹಾಕಿ. ಹಸಿ ಶುಂಠಿ, ತಾಜಾ ಸೇಬು, ಅನಾನಸ್ ಬೇಡವೇ ಬೇಡ. ಅವು ತರುವ ನೀರು ನಿಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

*ಕತ್ತರಿಸುವುದು.* ಎಲ್ಲವನ್ನೂ ದ್ರಾಕ್ಷಿಯ ಗಾತ್ರಕ್ಕೆ ಕತ್ತರಿಸಿ. ಸುಮ್ನೆ ಅಂದಕ್ಕಲ್ಲ. ದೊಡ್ಡ ಖರ್ಜೂರದ ನಡುಭಾಗಕ್ಕೆ ಆಲ್ಕೋಹಾಲ್ ಇಳಿಯಲು ದಿನಗಟ್ಟಲೆ ಬೇಕು. ಚಾಕು, ಮಣೆ ಎರಡೂ ಒಣಗಿರಲಿ. ಮೀನು, ಕೋಳಿ ಕೊಯ್ಯುವ ಮಣೆಯನ್ನು ಮುಟ್ಟಬೇಡಿ.

*ರಮ್ ಸುರಿಯುವುದು.* ಗ್ಯಾಸ್ ಒಲೆ, ದೇವರ ದೀಪ ಹತ್ತಿರ ಇರಬಾರದು. ಶೇ. 40ರ ಆಲ್ಕೋಹಾಲಿನ ಆವಿ ಸುಮಾರು 26 ಡಿಗ್ರಿಯಲ್ಲೇ ಬೆಂಕಿ ಹಿಡಿಯಬಲ್ಲದು. ನಮ್ಮ ಊರಿನ ಮಾಮೂಲಿ ಮಧ್ಯಾಹ್ನ ಅಷ್ಟಿರುತ್ತದೆ ಅಲ್ವಾ. ಜಾಡಿಗೆ ಮುಕ್ಕಾಲು ಭಾಗ ಹಣ್ಣು ತುಂಬಿ, ಹಣ್ಣು ಪೂರ್ತಿ ಮುಳುಗುವಂತೆ ಸುರಿಯಿರಿ. ಬಿಗಿಯಾಗಿ ಮುಚ್ಚಿ, ತಾರೀಖು ಬರೆದು ಅಂಟಿಸಿ.

*ಮೊದಲ ವಾರ.* ಹೆಚ್ಚು ಗಮನ ಬೇಕಾದದ್ದು ಈಗ. ಮರುದಿನ ನೋಡಿದರೆ ರಮ್ ಕೆಳಗಿಳಿದು, ಮೇಲಿನ ಹಣ್ಣುಗಳು ಊದಿಕೊಂಡು ಗಾಳಿಗೆ ಬಿದ್ದಿರುತ್ತವೆ. ಯಾರೋ ಕುಡಿದರು ಅಂದುಕೊಳ್ಳಬೇಡಿ, ಕುಡಿದದ್ದು ದ್ರಾಕ್ಷಿ. ಬೂಸ್ಟು ಬರುವುದು ಈ ಮೇಲಿನ ಪದರಕ್ಕೇ. ಅಲ್ಲಿ ಗಾಳಿ ಇದೆ, ಆಲ್ಕೋಹಾಲ್ ಆವಿಯಾಗಿ ಕಡಿಮೆಯಾಗಿರುತ್ತದೆ. ಮತ್ತೆ ಮುಳುಗುವಷ್ಟು ರಮ್ ಸೇರಿಸಿ. ದಿನಕ್ಕೊಮ್ಮೆ ಜಾಡಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ. ಭರಣಿಯಾದರೆ ಒಣ ಚಮಚದಲ್ಲಿ ಕೆಳಗಿನಿಂದ ಮೇಲಕ್ಕೆ ತಿರುವಿ. ವಾರ ಕಳೆದ ಮೇಲೆ ವಾರಕ್ಕೊಮ್ಮೆ ಸಾಕು.

*ಇಡುವ ಜಾಗ.* ಬಿಸಿಲು ಬೀಳದ, ಒಲೆಯಿಂದ ದೂರದ ಕಪಾಟು. ಮಕ್ಕಳ ಕೈಗೆ ಸಿಗದಂತೆ.

*ಕೆಟ್ಟಿದೆಯಾ ಅಂತ ನೋಡುವುದು.* ಮುಚ್ಚಳ ತೆರೆದಾಗ ಬುಸ್ ಅಂತ ಗ್ಯಾಸ್ ಬಂದರೆ, ನೊರೆ ಕಂಡರೆ, ಯೀಸ್ಟ್ ಕೆಲಸ ಮಾಡುತ್ತಿದೆ ಅಂತ ಅರ್ಥ. ನಿಮ್ಮ ಶೇಕಡಾ ಕಡಿಮೆಯಾಗಿದೆ. ವಿನೆಗರ್ ವಾಸನೆ ಬಂದರೂ ಅದೇ. ಬೂಸ್ಟು ಕಂಡರೆ ಮೇಲಿನದ್ದು ತೆಗೆದು ಉಳಿದದ್ದು ಬಳಸುವ ಆಸೆ ಬಿಡಿ, ಜಾಡಿಯಷ್ಟನ್ನೂ ಚೆಲ್ಲಿ. ಬಿಳಿ ಹರಳುಗಳು ಕಂಡರೆ ಗಾಬರಿ ಬೇಡ, ಅದು ಹಣ್ಣಿನ ಸಕ್ಕರೆ ಇರಬಹುದು. ಬೆರಳಲ್ಲಿ ಒತ್ತಿ ನೋಡಿ. ಹರಳು ಗರಗರ ಅನ್ನುತ್ತದೆ, ಬೂಸ್ಟು ಹತ್ತಿಯಂತೆ ಮೆತ್ತಗಿರುತ್ತದೆ.

ವೆನಿಲ್ಲಾ ಎಸೆನ್ಸ್

ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೊಡಗಿನ ತೋಟಗಳವರಿಗೆ ವೆನಿಲ್ಲಾ ಹೊಸದಲ್ಲ. 2000ದ ದಶಕದ ಆರಂಭದಲ್ಲಿ ಅದರ ಬೆಲೆ ಆಕಾಶಕ್ಕೇರಿದ್ದೂ, ಆಮೇಲೆ ನೆಲಕಚ್ಚಿದ್ದೂ ಅನೇಕರಿಗೆ ನೆನಪಿದೆ. ಈಗಲೂ ಕೋಡು ಸಿಕ್ಕರೆ ಎಸೆನ್ಸ್ ಮಾಡಿಕೊಳ್ಳುವುದು ಸುಲಭ, ಮತ್ತು ಅಂಗಡಿಯ ಸಿಂಥೆಟಿಕ್ ಎಸೆನ್ಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಅಮೆರಿಕದ ಆಹಾರ ನಿಯಮದ ಪ್ರಕಾರ ವೆನಿಲ್ಲಾ ಎಕ್ಸ್‌ಟ್ರಾಕ್ಟಿನಲ್ಲಿ ಕನಿಷ್ಠ ಶೇ. 35 ಆಲ್ಕೋಹಾಲ್ ಇರಬೇಕು, ಲೀಟರಿಗೆ ಸುಮಾರು 100 ಗ್ರಾಂ ಕೋಡು ಹಾಕಿರಬೇಕು. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದು ಕ್ವಾರ್ಟರ್ ವೋಡ್ಕಾಗೆ 18 ಗ್ರಾಂ. ಹಸಿರು ಕೋಡು ಬೇಡ, ಅದರಲ್ಲಿ ಪರಿಮಳವೂ ಇಲ್ಲ, ನೀರೂ ಜಾಸ್ತಿ. ಹದ ಮಾಡಿದ ಕಂದು ಕೋಡನ್ನೇ ಉದ್ದಕ್ಕೆ ಸೀಳಿ, ಬಾಟಲಿಯ ಎತ್ತರಕ್ಕಿಂತ ಗಿಡ್ಡಕ್ಕೆ ಕತ್ತರಿಸಿ ಮುಳುಗಿಸಿ. ತುದಿ ಮೇಲೆ ಇಣುಕಿದರೆ ಅಲ್ಲೇ ಬೂಸ್ಟು. ಆರು ತಿಂಗಳು ಕತ್ತಲಲ್ಲಿ ಇಟ್ಟು ಆಗಾಗ ಅಲ್ಲಾಡಿಸಿ. ಕೋಡಿನ ನೀರು ಸೇರಿದರೂ 40ರ ಮೇಲೆಯೇ ಇರುತ್ತದೆ, ಹಾಗಾಗಿ ಫ್ರಿಜ್ಜು ಬೇಡ, ವರ್ಷಗಟ್ಟಲೆ ಬಾಳುತ್ತದೆ.

ಹಸಿ ಮೊಟ್ಟೆ: ಆಲ್ಕೋಹಾಲಿಗೂ ಸಮಯ ಬೇಕು

ಎಗ್‌ನಾಗ್ ಅಂತ ಅಮೆರಿಕದವರ ಕ್ರಿಸ್‌ಮಸ್ ಪಾನೀಯವಿದೆ. ಹಸಿ ಮೊಟ್ಟೆ, ಹಾಲು, ಕೆನೆ, ಸಕ್ಕರೆ, ರಮ್, ಬರ್ಬನ್ ವಿಸ್ಕಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಇದರ ಒಂದು ರೆಸಿಪಿ ಹೆಸರುವಾಸಿ. ಅದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾಗಳನ್ನು ಗುಂಪುಗಳಾಗಿ ವಿಂಗಡಿಸಿದ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಅವರದ್ದು. ಅದೇ ವಿಶ್ವವಿದ್ಯಾಲಯದ ವಿನ್ಸೆಂಟ್ ಫಿಶೆಟ್ಟಿ ಅವರ ಪ್ರಯೋಗಾಲಯದಲ್ಲಿ ಶೇ. 20ರಷ್ಟು ಆಲ್ಕೋಹಾಲ್ ಇದ್ದ ಈ ಎಗ್‌ನಾಗಿಗೆ ಬೇಕಂತಲೇ ಸಾಲ್ಮೊನೆಲ್ಲಾ ಬೆರೆಸಿ ಫ್ರಿಜ್ಜಿನಲ್ಲಿಟ್ಟು ನೋಡಿದರು. ವಾರ ಕಳೆದರೂ ಬ್ಯಾಕ್ಟೀರಿಯಾ ಜೀವಂತವಾಗಿ ಸಿಕ್ಕವು. ಮೂರು ವಾರಕ್ಕೆ ಒಂದೂ ಉಳಿದಿರಲಿಲ್ಲ.

ಶೇ. 20 ಇದ್ದರೂ ಕೊಲ್ಲಲು ವಾರಗಳೇ ಬೇಕಾದವು. ಮೊಟ್ಟೆಗೆ ರಮ್ ಸುರಿದು ಅದೇ ಸಂಜೆ ಕುಡಿದರೆ ರಮ್ ನಿಮ್ಮನ್ನು ಕಾಪಾಡುವುದಿಲ್ಲ. ಮೂರು ವಾರ ಇಟ್ಟರೂ ಅದು ಪ್ರಯೋಗಾಲಯದ ಫಲಿತಾಂಶ, ನಿಮ್ಮ ಮನೆಯ ಜಾಡಿಗೆ ಸಿಕ್ಕ ಗ್ಯಾರಂಟಿ ಅಲ್ಲ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಇದರಿಂದ ದೂರ ಇರಲಿ.

ಆಲ್ಕೋಹಾಲ್ ಸೋಲುವ ಕಡೆಗಳು

ಮೊದಲು ಎಲ್ಲರ ಬಾಯಲ್ಲಿರುವ ಮಾತು. "ಎರಡು ಪೆಗ್ ಹಾಕಿದ್ರೆ ಹೊಟ್ಟೆಯ ಹುಳ ಎಲ್ಲ ಸಾಯ್ತವೆ, ಬೀದಿ ಬದಿಯ ಕಬಾಬ್ ಏನೂ ಮಾಡಲ್ಲ." ಲೆಕ್ಕ ಹಾಕಿಯೇ ಬಿಡೋಣ. 30 ಮಿಲಿಯ ಎರಡು ಪೆಗ್, ಅಂದರೆ 60 ಮಿಲಿಯಲ್ಲಿ ಆಲ್ಕೋಹಾಲ್ ಸುಮಾರು 26 ಮಿಲಿ. ಹೊಟ್ಟೆಯಲ್ಲಿ ಊಟ, ನೀರು, ಸೋಡಾ ಸೇರಿ ಅರ್ಧ ಲೀಟರ್ ಇದ್ದರೂ ಕೊನೆಗೆ ಉಳಿಯುವುದು ಶೇ. 5ರ ಆಸುಪಾಸು. ಅದೂ ಕ್ಷಣಕ್ಷಣಕ್ಕೂ ರಕ್ತಕ್ಕೆ ಹೋಗುತ್ತಾ ಇಳಿಯುತ್ತದೆ. ಫ್ಲಾರಿಡಾದಲ್ಲಿ 1988ರಲ್ಲಿ ಹಸಿ ಸಿಂಪಿಗಳಿಂದ ಹೆಪಟೈಟಿಸ್-ಎ ಅನ್ನುವ ಯಕೃತ್ತಿನ ಸೋಂಕು ಹರಡಿದಾಗ, ಜೊತೆಗೆ ವೈನ್, ವಿಸ್ಕಿಯಂಥ ಗಟ್ಟಿ ಪಾನೀಯ ಕುಡಿದವರಲ್ಲಿ ಕಾಯಿಲೆ ಕಡಿಮೆ ಕಂಡಿತ್ತು ನಿಜ. ಅದು ಒಂದು ವೈರಸ್ಸಿನ, ಒಂದು ಘಟನೆಯ ಮಾತು. ಅದನ್ನು ನಂಬಿಕೊಂಡು ಹಳಸಿದ್ದು ತಿನ್ನುವ ಹಾಗಿಲ್ಲ.

ಯಾಕೆಂದರೆ ಹಳಸಿದ ಆಹಾರದಲ್ಲಿ ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟುಹೋದ ವಿಷ ಉಳಿದಿರುತ್ತದೆ. ಸ್ಟೆಫೈಲೊಕಾಕಸ್ ಮಾಡುವ ವಿಷ ಕುದಿಸಿದರೂ ಜಗ್ಗುವುದಿಲ್ಲ. ಹೊರಗೆ ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಮಾಡುವ ವಾಂತಿ ತರಿಸುವ ವಿಷವೂ ಹಾಗೆಯೇ. ಇವೆರಡರ ಮುಂದೆ ಯಾವ ಬ್ರ್ಯಾಂಡಿನ ಮದ್ಯವೂ ನಿಲ್ಲುವುದಿಲ್ಲ.

ಬೀಜಾಣುಗಳೂ ಅಷ್ಟೆ. ಬ್ಯಾಸಿಲಸ್ ಮತ್ತು ಕ್ಲಾಸ್ಟ್ರಿಡಿಯಂ ಜಾತಿಯವು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಲಗಿಬಿಡುತ್ತವೆ. ಶೇ. 70ರ ಸ್ಪಿರಿಟ್ಟಿನಲ್ಲೂ ಅವು ಬದುಕುತ್ತವೆ. ನಿಮ್ಮ ರಮ್ ಜಾಡಿಯಲ್ಲಿ ಅವು ಇರಬಹುದು, ಮೊಳೆಯುವುದಿಲ್ಲ ಅಷ್ಟೆ. ಆದ್ದರಿಂದ ನೆನೆದ ಹಣ್ಣಿಗೆ ಆಮೇಲೆ ನೀರು, ರಸ ಬೆರೆಸಿ ಮತ್ತೆ ಹೊರಗಿಡಬಾರದು. ಮಲಗಿದ್ದನ್ನು ಎಬ್ಬಿಸಿದ ಹಾಗೆ.

ಕೋಳಿ, ಹಂದಿ ಮಾಂಸವನ್ನು ವೈನಿನಲ್ಲಿ ನೆನೆಸುವವರಿದ್ದಾರೆ. ಶೇ. 12ರ ವೈನು ಮಾಂಸದ ನೀರಿನ ಜೊತೆ ಸೇರಿ ಎಲ್ಲಿಗೆ ಇಳಿಯುತ್ತದೆ ಅಂತ ಈಗ ನಿಮಗೆ ಗೊತ್ತು. ವೈನು ಇದೆ ಅಂತ ಹೊರಗೆ ಬಿಡಬೇಡಿ. ಫ್ರಿಜ್ಜಿನಲ್ಲೇ ನೆನೆಸಿ, ಕೋಳಿಯ ನಡುಭಾಗ 75 ಡಿಗ್ರಿ ಮುಟ್ಟುವವರೆಗೆ ಬೇಯಿಸಿ. ನೆನೆಸಿದ ರಸವನ್ನು ಕುದಿಸದೆ ಸಾಸ್ ಮಾಡಬೇಡಿ.

ಯಾವುದನ್ನು ಮುಟ್ಟಬಾರದು

ಶೇಕಡಾ ಜಾಸ್ತಿ ಬೇಕು ಅಂತ ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್, ಪಾಲಿಶ್ ಮಾಡುವ ಸ್ಪಿರಿಟ್ ಕಡೆ ಕೈ ಚಾಚಬೇಡಿ. ಅವುಗಳಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಮೆಥನಾಲ್, ಕುಡಿಯದಂತೆ ಮಾಡಲು ಬೆರೆಸಿದ ಬೇರೆ ರಾಸಾಯನಿಕ ಇರಬಹುದು. ಮೆಥನಾಲ್ ದೃಷ್ಟಿ ತೆಗೆಯುತ್ತದೆ, ಜೀವವನ್ನೂ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನ ಸುತ್ತಮುತ್ತ ಕಳ್ಳಭಟ್ಟಿಯಿಂದ 300ಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಮನೆಯಲ್ಲಿ ಬಟ್ಟಿ ಇಳಿಸುವುದು ಅಪಾಯ, ಕಾನೂನಿಗೂ ವಿರುದ್ಧ. ಅಬಕಾರಿ ಸೀಲಿರುವ ಬಾಟಲಿಯೊಂದೇ ದಾರಿ.

ಕೊನೆಗೆ ಕೇಕಿನಲ್ಲಿ ಎಷ್ಟು ಉಳಿಯುತ್ತದೆ?

ಮನೆಗೆ ಬರುವವರಲ್ಲಿ ಮದ್ಯ ಮುಟ್ಟದವರು ಇದ್ದೇ ಇರುತ್ತಾರೆ, ಈ ಪ್ರಶ್ನೆ ಬಂದೇ ಬರುತ್ತದೆ. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಓವನ್ನಿನಲ್ಲಿ ಪೂರ್ತಿ ಹಾರಿಹೋಗುತ್ತದೆ ಅಂತ ಹೇಳಿಬಿಡುವುದು ರೂಢಿ. ಅದು ಸರಿಯಲ್ಲ. ನೀರಿನ ಜೊತೆ ಬೆರೆತ ಎಥನಾಲ್ ನಿಧಾನಕ್ಕೆ ಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಹಿಟ್ಟಿಗೆ ಕಲಸಿ ಒಂದು ಗಂಟೆ ಬೇಯಿಸಿದರೆ ಹಾಕಿದ ಆಲ್ಕೋಹಾಲಿನಲ್ಲಿ ಸುಮಾರು ಶೇ. 25 ಉಳಿದಿರುತ್ತದೆ. ಎರಡೂವರೆ ಗಂಟೆಯಾದರೆ ಶೇ. 5. ಬೆಂದ ಕೇಕಿನ ಮೇಲೆ ಮತ್ತೆ ರಮ್ ಸವರಿದರೆ ಅದಂತೂ ಹಾಗೇ ಇರುತ್ತದೆ. ಕೇಳಿದವರಿಗೆ ನಿಜ ಹೇಳಿ.

ಅವರಿಗೆಂದೇ ಒಂದು ಕೇಕು ಬೇರೆ ಮಾಡುವುದಾದರೆ ಹಣ್ಣನ್ನು ಕಿತ್ತಳೆ ರಸದಲ್ಲೇ ನೆನೆಸಬಹುದು. ಆದರೆ ಅಲ್ಲಿ ಕಾವಲು ಸೊನ್ನೆ. ರಸವನ್ನು ಹಣ್ಣಿನ ಜೊತೆ ಎರಡು ನಿಮಿಷ ಕುದಿಸಿ, ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಕೇಕ್ ಬೇಯಿಸಿ.